ಕಾರು ಬೇಡ ಎಂದ ದನಿ

ಯಾರಾದರೂ ಇಂಥ ಸಂಗತಿ ಹೇಳಲು ಶುರುಮಾಡಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು ನಾನು; ಮುಖದೆದುರೇ ನಕ್ಕದ್ದೂ ಉಂಟು. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ರಕ್ತ ತೀರ ಅಪರೂಪದ್ದು, ಬಾಂಬೆ ಗುಂಪು ಅನ್ನುತ್ತಾರೆ. ಈ ಗುಂಪಿನವರಿಗೆ ಬೇರೆ ಯಾರ ರಕ್ತವೂ ಒಗ್ಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಚೆನ್ನೈನಿಂದ ಶ್ರೀನಿಧಿ ಎಂಬುವರ ಫೋನ್ ಬಂತು. ರಕ್ತದಾನಿಗಳ ಸಂಘದವರು ನನ್ನ ನಂಬರ್ ಕೊಟ್ಟಿದ್ದರಂತೆ.

"ಮೇಡಂ, ನನ್ ಹೆಂಡ್ತಿ ವೈದೇಹಿಗೆ ಹೆರಿಗೆ ಆಯ್ತು, ಬ್ಲೀಡಿಂಗ್ ನಿಲ್ತಾನೇ ಇಲ್ಲ. ಅವಳದ್ದೂ ನಿಮ್ ಗುಂಪೇ. ಹೇಗಾದ್ರೂ ಸೀಕ್ರಂ, ಬೇಗ ಬಂದ್ಬಿಡಿ. ಏರ್‌ಪೋರ್ಟ್‌ಗೆ ಕಾರ್ ಕಳಿಸ್ತೀನಿ."

ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಕನ್ನಡಿಗರು ಅವರು. ತಮಿಳು ಬೆರೆತ ಆ ಮಾತಿನಲ್ಲಿ ಅಳುವೇ ಹೆಚ್ಚಾಗಿತ್ತು. ಕಾಲೇಜಿಗೆ ರಜೆ ಹೇಳಿ ಸಿಕ್ಕ ವಿಮಾನ ಹತ್ತಿದೆ.

ಮಧ್ಯಾಹ್ನ ಚೆನ್ನೈನಲ್ಲಿ ಹೊರಗೆ ಬಂದಾಗ ಚಾಲಕ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ಟ್ಯಾಕ್ಸಿಯವರು ಕೂಗುತ್ತಿದ್ದರು. ಹೆದ್ದಾರಿಗೆ ನಡೆದರೆ ಬಸ್ಸೂ ಸಿಗುತ್ತಿತ್ತು. ಬಾಗಿಲಿಗೇ ಬಂದ ಕಾರನ್ನು ಬಿಟ್ಟು ಅದನ್ನೆಲ್ಲ ಯಾರು ಯೋಚಿಸುತ್ತಾರೆ? ಮೊಬೈಲಿನ ಮ್ಯಾಪಿನಲ್ಲೂ ದಾರಿ ಸಲೀಸಾಗಿತ್ತು. ಕಾರಿನೊಳಗೆ ಕಾಲಿಡಬೇಕು, ಫೋನ್ ಬಂತು.

"ಅಕ್ಕ, ಕಾರ್ ಬೇಡ. ಟ್ಯಾಕ್ಸಿ, ಬಸ್ಸು ಯಾವ್ದೂ ಬೇಡ. ಗಿಂಡಿ ಹತ್ರ ರಸ್ತೆ ಪೂರಾ ನಿಂತ್ಹೋಗಿದೆ. ಎದುರಿಗೇ ಸ್ಟೇಷನ್ ಇದೆ, ರೈಲಲ್ಲಿ ಮಾಂಬಲಂಗೆ ಬನ್ನಿ."

ಹೆಂಗಸಿನ ದನಿ. ಗಂಟಲು ಒಡೆದಂತಿತ್ತು, ಆದರೆ ಗಾಬರಿಯಿರಲಿಲ್ಲ. ಶ್ರೀನಿಧಿಯ ಮನೆಯವರು ಯಾರೋ ಅಂದುಕೊಂಡೆ. ಚಾಲಕ ಒಪ್ಪಲಿಲ್ಲ. "ಇಲ್ಲ ಮೇಡಂ, ರೋಡ್ ಫ್ರೀಯಾ ದಾನ್ ಇರ್ಕು," ರಸ್ತೆ ಖಾಲಿಯೇ ಇದೆ ಎಂದು ಬಾಗಿಲು ಹಿಡಿದುಕೊಂಡೇ ನಿಂತ. ಅವನು ಆಗತಾನೇ ಅದೇ ದಾರಿಯಲ್ಲಿ ಬಂದವನು. ನ್ಯಾಯವಾಗಿ ನಾನು ಅವನನ್ನೇ ನಂಬಬೇಕಿತ್ತು. ಯಾಕೆ ನಂಬಲಿಲ್ಲವೋ! ಚೀಲ ಹೆಗಲಿಗೇರಿಸಿಕೊಂಡು ಸುರಂಗದಾರಿಯಲ್ಲಿ ಓಡಿದೆ. ರೈಲು ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು.

ಮಾಂಬಲಂ ಸ್ಟೇಷನ್ನಿನ ಬಗಲಲ್ಲೇ ಆಸ್ಪತ್ರೆ. ನನ್ನನ್ನು ಕಂಡದ್ದೇ ನರ್ಸ್ ಕೈಹಿಡಿದು ಎಳೆದುಕೊಂಡು ಹೋದಳು. ಪರೀಕ್ಷೆ ಮುಗಿಸಿ ರಕ್ತ ತೆಗೆದರು. ಅದು ನೇರ ಒಳಗೆ ಹೋಯಿತು. ಸಂಜೆ ಡಾಕ್ಟರಮ್ಮ ಹೊರಗೆ ಬಂದು, "ಇನ್ನು ಭಯವಿಲ್ಲ. ಸ್ವಲ್ಪ ತಡವಾಗಿದ್ದರೂ ಕೈಮೀರುತ್ತಿತ್ತು," ಎಂದರು. ವೈದೇಹಿಯ ಅತ್ತೆ ನನ್ನ ಎರಡೂ ಕೈ ಹಿಡಿದು ಆ ಮೊಗಸಾಲೆಯಲ್ಲೇ ಕುಣಿದುಬಿಟ್ಟರು. ಅವರ ಜತೆ ನಾನೂ ಕುಣಿದೆ. ಒಂದು ಜೀವ ಉಳಿಸಿದೆನೆಂಬ ಹಿಗ್ಗು ಮೈಯೆಲ್ಲ ತುಂಬಿತ್ತು.

ಚಾಲಕ ಬಂದದ್ದು ಅದಾದ ಮೇಲೆ, ಬೆವೆತು ಒದ್ದೆಯಾಗಿ. ಅವನು ವಿಮಾನ ನಿಲ್ದಾಣ ಬಿಟ್ಟ ನಂತರ ಗಿಂಡಿಯ ಬಳಿ ಟ್ಯಾಂಕರ್ ಉರುಳಿ, ಬಸ್ಸು ಕಾರುಗಳೆಲ್ಲ ಸಾಲಾಗಿ ನಿಂತುಬಿಟ್ಟಿದ್ದವಂತೆ.

"ನೀವು ಫೋನ್ ಮಾಡಿಸಿದ್ದು ಒಳ್ಳೇದಾಯ್ತು," ಎಂದೆ ಶ್ರೀನಿಧಿಗೆ.

ಅವರು ಕಣ್ಣರಳಿಸಿದರು. "ಯಾರ್ ಮಾಡಿದ್ರು ಮೇಡಂ? ನಾವು ಯಾರೂ ಮಾಡ್ಲಿಲ್ವೇ!"

ನನ್ನ ಫೋನ್ ತೆಗೆದು ನೋಡಿದೆವು. ಬೆಳಗಿನ ಅವರ ಕರೆಗಳಿದ್ದವು. ಮಧ್ಯಾಹ್ನದ್ದು ಒಂದೂ ಇರಲಿಲ್ಲ. ಅದಿರಲಿ, ನನಗೆ ಫೋನ್ ಬಂದಾಗ ಆ ಟ್ಯಾಂಕರ್ ಇನ್ನೂ ಉರುಳಿಯೇ ಇರಲಿಲ್ಲ.

ಎರಡು ದಿನ ಅವರ ಮನೆಯಲ್ಲೇ ಉಳಿದೆ. ಹೊರಡುವ ಮೊದಲು ವೈದೇಹಿಯನ್ನು ನೋಡಲು ಹೋದೆ. ಉಸಿರಾಟದ ಕೊಳವೆ ಆಗಷ್ಟೇ ತೆಗೆದಿದ್ದರು. ಅವಳು ನನ್ನತ್ತ ತಿರುಗಿ, "ಅಕ್ಕ, ಊಟ ಆಯ್ತಾ?" ಎಂದಳು.

ಅದೇ ದನಿ, ಅದೇ ಒಡಕು ಗಂಟಲು. ನನಗೆ ಫೋನ್ ಬಂದ ಹೊತ್ತಿನಲ್ಲಿ ಅವಳು ಪ್ರಜ್ಞೆಯಿಲ್ಲದೆ ಮಲಗಿದ್ದಳು, ಬಾಯಲ್ಲಿ ಕೊಳವೆ. ಕೇಳಿ ನೋಡಿದೆ, ಅವಳಿಗೆ ಏನೊಂದೂ ನೆನಪಿರಲಿಲ್ಲ.

ಬೇರೆಯವರ ದನಿಯನ್ನೇ ಅವಳದೆಂದುಕೊಂಡೆನೇ? ಇರಬಹುದು. ಆದರೆ ಆ ಬೇರೆಯವರು ಯಾರು? ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ. ಹೋದ ತಿಂಗಳು ಚೆನ್ನೈಗೆ ಹೋಗಿದ್ದಾಗ ಅಂದು ಹುಟ್ಟಿದ ವೈದೇಹಿಯ ಮಗಳು ನನ್ನ ತೊಡೆಯೇರಿ ಕೂತು ತಮಿಳಿನಲ್ಲಿ ಏನೇನೋ ಹರಟಿದಳು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಅಡಿಗೆಮನೆಯಿಂದ ಅವಳಮ್ಮ ಗಟ್ಟಿಯಾಗಿ ನಗುತ್ತಿದ್ದಳು.