ಅರ್ಧ ಉಳಿ ಬಿದ್ದ ಕಲ್ಲು

ಮೊನ್ನೆ ನಮ್ಮ ಬಚ್ಚಲಿಗೆ ಹಾಸಿದ್ದ ಹಳೆಯ ಪರ್ಸಿ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿದಾಗ ಅದರ ಅಡಿಯಿಂದ ಹಸಿ ಕಲ್ಲಿನ ವಾಸನೆ ಎದ್ದಿತು. ನೀರು, ಸುಣ್ಣ, ಹಳೆಯ ಮಣ್ಣು ಎಲ್ಲ ಕೂಡಿದ ವಾಸನೆ. ಮನೆಗೆ ಟೈಲ್ಸ್ ಹಾಕಿಸುತ್ತಿದ್ದೇವೆ. ಕೆಲಸದವನು ಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸಿ ಒಂದು ಕೊಡ ನೀರು ಸುರಿದು ತೊಳೆದ. ಅರ್ಧ ಭಾಗ ಉಳಿಯ ಏಟು ಬಿದ್ದು ತರಿತರಿಯಾಗಿತ್ತು. ಇನ್ನರ್ಧ ಇಷ್ಟು ವರ್ಷವಾದರೂ ಹೊಳೆಯುತ್ತಿತ್ತು.

“ಕಾಕಾ, ಇದ್ಯಾಕ ಹಿಂಗ ಅರ್ಧಾ ಮಾಡಿ ಬಿಟ್ಟಾರ?” ಎಂದು ಕೇಳಿದ.

ಚಹಾ ತರುತ್ತೇನೆಂದು ಹೇಳಿ ನಾನು ಒಳಗೆ ಹೋದೆ...

ಆ ಕಲ್ಲನ್ನು ನಾನು ಹಾಕಿದ್ದು ನಮ್ಮ ಅಕ್ಕನಿಗಾಗಿ.

ಆಗ ನಾನು ತಾಂಡೂರಿನಲ್ಲಿ ಪರ್ಸಿಗೆ ಪಾಲಿಶ್ ಮಾಡುವ ಕೆಲಸಕ್ಕಿದ್ದೆ. ಓದಿದ್ದು ಮೂರನೆಯ ಇಯತ್ತೆ. ನಮ್ಮ ಜಹೀರಾಬಾದು ಆಂಧ್ರಕ್ಕೆ ಸೇರಿದ ಮೇಲೆ ಶಾಲೆಯಲ್ಲಿ ತೆಲುಗು ಬಂತು. ಅದನ್ನೇ ನೆಪ ಮಾಡಿಕೊಂಡು ಶಾಲೆ ಬಿಟ್ಟೆ. ಅಕ್ಷರ ಕೈಗೆ ಹತ್ತಲಿಲ್ಲ, ಕಲ್ಲು ಹತ್ತಿತು. ವಾರವೆಲ್ಲ ತಾಂಡೂರು, ರವಿವಾರ ಜಹೀರಾಬಾದಿನ ಮನೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಎಕರೆ ಹೊಲವನ್ನು ತಾನೇ ನೋಡಿಕೊಂಡು ಯಾರ ಹಂಗಿಲ್ಲದೆ ಇದ್ದಳು.

ಮಳೆಗಾಲದ ಶುರುವಿನಲ್ಲಿ ಗೊಬ್ಬರದ ಬಂಡಿಯಿಂದ ಬಿದ್ದು ಆಕೆಯ ತೊಡೆಯ ಎಲುಬು ಮುರಿಯಿತು. ಹೈದರಾಬಾದಿನ ದವಾಖಾನೆಯಲ್ಲಿ ಆಪರೇಷನ್ ಮಾಡಿ ಒಳಗೆ ಕಬ್ಬಿಣದ ಸಲಾಕೆ ಹಾಕಿದರು. ಅವರು ಬರೆದುಕೊಟ್ಟ ಕಾಗದ ನನಗೆ ಓದಲು ಬರಲಿಲ್ಲ. ಕಂಪೌಂಡರ್ ಬಾಯಿಂದ ಹೇಳಿದ್ದನ್ನು ಬೆರಳು ಮಡಚುತ್ತ ನೆನಪಿಟ್ಟುಕೊಂಡೆ. ನೆಲಕ್ಕೆ ಕೂಡಬಾರದು. ಹೊಸ್ತಿಲು ಎಡವಬಾರದು. ಜಾರಬಾರದು. ಇನ್ನೊಮ್ಮೆ ಬಿದ್ದರೆ ಆ ಕಾಲಿನ ಆಸೆ ಬಿಡಿ ಎಂದಿದ್ದ.

ಆಕೆ ದವಾಖಾನೆಯಿಂದ ನಮ್ಮಲ್ಲಿಗೆ ಬರುವುದರೊಳಗೆ ಮನೆಯನ್ನು ಅಣಿ ಮಾಡಲು ಎಂಟು ದಿನ ರಜೆ ಹಾಕಿದೆ. ಹೊಸ್ತಿಲ ಎರಡೂ ಬದಿಗೆ ಗಚ್ಚು ಹಾಕಿ ಇಳಿಜಾರು ಮಾಡಿದೆ. ಆಕೆ ಮಲಗುವ ಹೊರಸಿನ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು ಎತ್ತರಿಸಿದೆ. ಬಡಿಗನಿಗೆ ಹೇಳಿ ನಡುವೆ ತೂತಿರುವ ಕುರ್ಚಿ ಮಾಡಿಸಿದೆ, ಆಕೆ ಬಯಲಿಗೆ ಹೋಗುವಂತಿರಲಿಲ್ಲವಲ್ಲ. ಗೋಡೆಗುಂಟ ಹಿಡಿದು ನಡೆಯಲು ಬಿದಿರು ಕಟ್ಟಿದೆ. ಹೆಂಡತಿ ಹಳೆಯ ಸೀರೆಗಳನ್ನು ಮಡಚಿ ದಪ್ಪನೆಯ ಕೌದಿ ಹೊಲಿದಳು.

ಉಳಿದದ್ದು ಬಚ್ಚಲು. ಅಲ್ಲಿ ಮಣ್ಣು ಕಿತ್ತು ಬಂದು ಕೆಸರಾಗುತ್ತಿತ್ತು. ತಾಂಡೂರಿನಲ್ಲಿ ನಾನು ಒಂದು ನೀಲಿ ಪರ್ಸಿಯನ್ನು ಬಹಳ ದಿನದಿಂದ ಎತ್ತಿಟ್ಟಿದ್ದೆ, ಒಂದು ಗೀರೂ ಇಲ್ಲದ್ದು. ಕೆಲಸ ಮುಗಿದ ಮೇಲೆ ಉಳಿದು ನಾನೇ ಅದಕ್ಕೆ ಪಾಲಿಶ್ ಮಾಡಿದ್ದೆ. ಅದನ್ನು ಲಾರಿಗೆ ಏರಿಸುವಾಗ ನಮ್ಮ ಮೇಸ್ತ್ರಿ ನೋಡಿದ.

“ಬಚ್ಚಲಕ್ಕ ಹಾಕಾಂವ ಇದ್ರ ಉಳಿ ಹೊಡದು ಹಾಕಪಾ. ಕಲ್ಲಿನ ಕೆಲಸದಾಂವಗ ನಾ ಹೇಳಬೇಕೇನು?”

ಹೇಳಬೇಕಿರಲಿಲ್ಲ. ನೀರು ಬೀಳುವ ಜಾಗಕ್ಕೆ ಕಾಲು ಜಾರದಂತೆ ಉಳಿ ಹೊಡೆದು ತರಿ ಮಾಡಿದ ಕಲ್ಲೇ ಆಗಬೇಕೆಂದು ನನಗೆ ಗೊತ್ತಿತ್ತು. ಮನೆಗೆ ಹೋಗಿ ಹೊಡೆಯುತ್ತೇನೆ ಎಂದೆ. ಆದರೆ ಕಲ್ಲು ಕೂಡಿಸಿದ ದಿನ ಓಣಿಯವರೆಲ್ಲ ನೋಡಲು ಬಂದರು. ಪಕ್ಕದ ಮನೆಯ ಮುದುಕಿ ಅದರೊಳಗೆ ಬಗ್ಗಿ ನೋಡಿ ಕುಂಕುಮ ಸರಿ ಮಾಡಿಕೊಂಡಳು. ನಮ್ಮ ಮನೆಯಲ್ಲಿ ಜನ ಬಂದು ನೋಡುವಂಥದ್ದು ಅದುವರೆಗೆ ಏನೂ ಇರಲಿಲ್ಲ. ಉಳಿ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ನಾಳೆ ಹೊಡೆದರಾಯಿತು ಎಂದುಕೊಂಡು ಮೇಲೆ ಗೋಣಿತಟ್ಟು ಹಾಸಿದೆ.

ಅಕ್ಕ ಬಂದಳು. ತೂತಿನ ಕುರ್ಚಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನಗ ತಹಸೀಲ್ದಾರ್ ಮಾಡಿಬಿಟ್ಟಿ ನೋಡೋ ತಮ್ಮಾ. ಇನ್ನ ಅರ್ಜಿ ಹಿಡ್ಕೊಂಡು ಯಾರ್ ಬರ್ತಾರೋ ಏನೋ.” ಆಕೆಗೆ ಒಂದೇ ಧ್ಯಾಸ. ಎಳ್ಳಮಾಸಿ ಹಬ್ಬದೊಳಗೆ ನಡೆಯಬೇಕು, ತನ್ನ ಹೊಲದಲ್ಲಿ ತಾನೇ ಸುತ್ತಿ ಬೆಳೆಗೆ ಚರಗದ ನೈವೇದ್ಯ ಚೆಲ್ಲಬೇಕು. ಆಮೇಲೆ ತನ್ನ ಮನೆಯಲ್ಲೇ ಇರಬೇಕು. ದಿನಾ ಬಿದಿರು ಹಿಡಿದು ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ... ದಸರೆಯ ಹೊತ್ತಿಗೆ ಬಿದಿರು ಬಿಟ್ಟು ಬಾಗಿಲತನಕ ಬರುತ್ತಿದ್ದಳು.

ಆಕೆಯನ್ನು ನೋಡಲು ಬಂದವರಿಗೆ ನಾನು ಬಚ್ಚಲನ್ನೂ ತೋರಿಸುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ತಟ್ಟು ಸುತ್ತಿ ಬದಿಗಿಡುವುದು, ತೋರಿಸುವುದು, ಮತ್ತೆ ಹಾಸುವುದು. ಒಂದು ರವಿವಾರ ಆಕೆಯ ಊರಿನವರು ಬಂದಿದ್ದರು. ಅವರಿಗೆ ಕಲ್ಲು ತೋರಿಸಿದೆ, ಅವರು ಹೊಗಳಿದರು. ಆ ಖುಷಿಯಲ್ಲಿ ಅವರನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಚಹಾ ಕುಡಿಯಲು ಹೋದೆ. ತಟ್ಟು ಗೋಡೆಯ ಬದಿಗೇ ಉಳಿಯಿತು.

ತಿರುಗಿ ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿತ್ತು. ಅಕ್ಕ ಆ ಹೊಳೆಯುವ ಕಲ್ಲಿನ ಮೇಲೆ ಬಿದ್ದಿದ್ದಳು. ಹೆಂಡತಿ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೂಲೆಯಲ್ಲಿ ಒಂದು ಸಾಬೂನಿನ ಚೂರಿತ್ತು. ನನ್ನ ಬಾಯಿಂದ ಮೊದಲು ಬಂದ ಮಾತು, “ಸಾಬೂನ್ ಇಲ್ಯಾಕ ಬಿಟ್ಟಿದ್ದಿ?”

ಅಷ್ಟು ಜನರ ಎದುರಿಗೆ ಕೇಳಿದೆ. ಹೆಂಡತಿ ಗೋಡೆಯ ಬದಿಯ ತಟ್ಟನ್ನು ನೋಡಲಿಲ್ಲ, ನಾನು ನೋಡಿದ್ದೆ. ಸಾಬೂನು ಬಿಟ್ಟವಳು ಎಂಬ ಮಾತು ಓಣಿಯಲ್ಲಿ ಉಳಿದುಹೋಯಿತು. ಅಂದಿನಿಂದ ಆಕೆ ಸಾಬೂನನ್ನು ಗೋಡೆಯ ಮೇಲಿನ ಗೂಡಿನಲ್ಲಿಯೇ ಇಡುತ್ತ ಬಂದಳು, ಕೈ ಎಟುಕದಿದ್ದರೂ.

ಅಕ್ಕನನ್ನು ಮತ್ತೆ ದವಾಖಾನೆಗೆ ಒಯ್ದು, ಕೆಲವು ವಾರಗಳ ಮೇಲೆ ಮನೆಗೆ ತಂದೆವು. ಕಾಲು ಗಿಡ್ಡವಾಗಿತ್ತು. ಮರುದಿನ ಮಧ್ಯಾಹ್ನ ಹೆಂಡತಿ ಸಂತೆಗೆ ಹೋದಾಗ ನಾನು ಬಚ್ಚಲಲ್ಲಿ ಕೂತು ಉಳಿ ಹೊಡೆಯತೊಡಗಿದೆ. ಅಕ್ಕ ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಅರ್ಧ ಕಲ್ಲು ಆಗಿರಬೇಕು, ಒಳಗಿನಿಂದ ಆಕೆಯ ದನಿ ಬಂತು.

“ಈಗ್ಯಾಕ ಹೊಡಿತಿ, ಬಿಡೋ ತಮ್ಮಾ. ಛಂದ ಇತ್ತು ಕಲ್ಲು.”

ಸಿಟ್ಟಿನ ದನಿಯಲ್ಲ. ಅಳುವ ದನಿಯೂ ಅಲ್ಲ. ನನ್ನ ಕೈ ನಿಂತಿತು. ಎದ್ದು ಒಳಗೆ ಹೋಗಿ ಹೇಳಬೇಕಿತ್ತು, ತಪ್ಪು ನನ್ನದು, ಸಾಬೂನಿನದಲ್ಲ ಎಂದು. ನಾನು ಉಳಿ ಸುತ್ತಿಗೆ ಚೀಲದಲ್ಲಿ ಹಾಕಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದೆ...

ಆ ವರ್ಷದ ಎಳ್ಳಮಾಸಿಗೆ ಅವಳನ್ನು ಬಂಡಿಯಲ್ಲಿ ಹೊಲಕ್ಕೆ ಕರೆದೊಯ್ದೆ. ಜೋಳ ಎದೆಮಟ್ಟ ಬೆಳೆದಿತ್ತು. ಆಕೆ ಇಳಿಯಲಿಲ್ಲ. ಚರಗದ ಗಡಿಗೆಯನ್ನು ನನ್ನ ಕೈಗೆ ಕೊಟ್ಟು, ನೀನೇ ಚೆಲ್ಲಿ ಬಾ ಅಂದಳು. ನಾನು ಸುತ್ತಿ ಬರುವತನಕ ಬಂಡಿಯ ಮೇಲೆ ಕೂತು ನನ್ನನ್ನಲ್ಲ, ಬೆಳೆಯನ್ನು ನೋಡುತ್ತಿದ್ದಳು. ಹೊಲ ಉಳುವವನೊಬ್ಬನಿಗೆ ಪಾಲಿಗೆ ಹೋಯಿತು. ಅಕ್ಕ ನಮ್ಮ ಮನೆಯಲ್ಲೇ ಉಳಿದಳು, ಕಡೆಯತನಕ. ದಿನಾ ಅದೇ ಬಚ್ಚಲಲ್ಲಿ ಕೋಲು ಊರಿ, ನಾನು ಉಳಿ ಹೊಡೆದ ಅರ್ಧದ ಮೇಲೆಯೇ ನಿಲ್ಲುತ್ತಿದ್ದಳು. ಹೇಳಲು ನನಗೆ ಸಾವಿರ ಮುಂಜಾವುಗಳಿದ್ದವು.

ಮೊನ್ನೆ ಚಹಾ ಕುಡಿಯುತ್ತ ಟೈಲ್ಸಿನವನು, ಮಷೀನ್ ಹಚ್ಚಿದರೆ ಈ ಕಲ್ಲನ್ನು ಪೂರಾ ಕನ್ನಡಿ ಮಾಡಿಕೊಡುತ್ತೇನೆ ಎಂದ. ಬೇಡ, ಹಾಗೇ ಇರಲಿ ಎಂದೆ. ಗೋಡೆ ಒಡೆಯುವ ಮೊದಲು ಗೂಡಿನ ಸಾಮಾನು ತೆಗೆಯಲು ಹೆಂಡತಿ ಬಂದಳು. ತುದಿಗಾಲಲ್ಲಿ ನಿಂತು ಸಾಬೂನಿಗೆ ಕೈ ಚಾಚಿದ್ದಳು. ಆಗ ಹೇಳಿದೆ. ತಟ್ಟು ತೆಗೆದವನು ನಾನು, ಉಳಿ ಹೊಡೆಯದೆ ಬಿಟ್ಟವನು ನಾನು ಎಂದು.

ಆಕೆ ಸಾಬೂನು ತೆಗೆದುಕೊಂಡು ಆ ಕಲ್ಲಿನ ಕಡೆ ತಿರುಗಿದಳು.

“ಅಕ್ಕಗ ಹೇಳಿದ್ರೇನ್ರಿ?”

“ಇಲ್ಲ.”

ಆಕೆ ಸಾಬೂನನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದಳು.