ಮಹಾಗಾಂವ ಕ್ರಾಸಿನ ಹತ್ತಿರ ನಿಂತ ಪಿಕಪ್

ನಮ್ಮ ಯಜಮಾನರಿಗೆ ಲಕ್ವಾ ಹೊಡೆದ ಮೇಲೆ ನಾನು ಪಿಕಪ್ ಓಡಿಸುವುದನ್ನು ಕಲಿತೆ. ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಹಣ್ಣು ತುಂಬಿಕೊಂಡು ಕಲಬುರಗಿ ಮಾರುಕಟ್ಟೆಗೆ ತಂದು ಹಾಕುವುದು ಮದುವೆಗೆ ಮೊದಲಿನಿಂದಲೂ ಅವರ ಕೆಲಸ. ಈಗ ಬಲಗೈಯಲ್ಲಿ ಹಿಡಿತವಿಲ್ಲ, ನಾಲಿಗೆ ಎಳೆಯುತ್ತದೆ. ಒಂದು ಮಾತು ಹೊರಗೆ ಬರಬೇಕಾದರೆ ಬಹಳ ಹೊತ್ತು ಬೇಕು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಆದರೆ ಮನೆಗೆ ಬಂದವರು ಅವರ ಎದುರಿಗೇ ಕುಳಿತು, ಅವರು ಹೇಗಿದ್ದಾರೆಂದು ನನ್ನನ್ನು ಕೇಳುತ್ತಿದ್ದರು.

ಗಾಡಿ ಮಾರಿಬಿಡು ಎಂದವರೇ ಎಲ್ಲರೂ. ನನಗೆ ಮನಸ್ಸಾಗಲಿಲ್ಲ. ಬ್ರಹ್ಮಪುರದ ನಮ್ಮ ಇಕ್ಕಟ್ಟಾದ ಓಣಿಯಿಂದ ನಾನು ಗಾಡಿ ಹಿಂದಕ್ಕೆ ತೆಗೆಯುವಾಗ ಅಕ್ಕಪಕ್ಕದವರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಯಜಮಾನರು ಪಕ್ಕದ ಸೀಟಿನಲ್ಲಿ ಕುಳಿತು ಎಡಗೈಯಿಂದ ಸನ್ನೆ ಮಾಡುತ್ತಿದ್ದರು. ಆ ಕೈಯನ್ನು ನೋಡುತ್ತಲೇ ನಾನು ಡ್ರೈವರ್ ಆದೆ.

ಕಳೆದ ಚಳಿಗಾಲದಲ್ಲಿ ಗಾಡಿಗೆ ಒಂದು ರೋಗ ಶುರುವಾಯಿತು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಹಣ್ಣು ತುಂಬಿ ಏರು ಹತ್ತಿಸಿದರೆ ಎಷ್ಟು ಎಕ್ಸಿಲೇಟರ್ ಒತ್ತಿದರೂ ಜೋರು ಬರುತ್ತಿರಲಿಲ್ಲ, ಮುಗ್ಗರಿಸುತ್ತಿತ್ತು. ಕಲಬುರಗಿಯಲ್ಲಿ ನಮಗೆ ಗೊತ್ತಿದ್ದ ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಡೀಸೆಲ್ ಫಿಲ್ಟರ್ ಬದಲಿಸಿದ. ಅದರಿಂದ ಏನೂ ಆಗಲಿಲ್ಲವೆಂದು ಗೇಜು ಹಚ್ಚಿ ನೋಡಿದ. ಮುಳ್ಳು ಸ್ವಲ್ಪ ಎದ್ದು ಅಲ್ಲಿಯೇ ನಡುಗುತ್ತ ನಿಂತಿತು. ಡೀಸೆಲ್ ಪ್ರೆಶರ್ ಕಡಿಮೆ ಇದೆ, ಪಂಪು ಸೋತಿದೆ, ಬಿಚ್ಚಿ ರಿಪೇರಿ ಮಾಡಬೇಕು ಎಂದ.

ಯಜಮಾನರು ತಲೆ ಅಲ್ಲಾಡಿಸಿ, ಕಷ್ಟಪಟ್ಟು, "ಗಾ... ಳಿ" ಎಂದರು. ಮಿಸ್ತ್ರಿ ಒಳ್ಳೆಯವನು. ಸೆಕೆಯಾಗುತ್ತಿದೆ ಎಂದುಕೊಂಡು ಫ್ಯಾನನ್ನು ಅವರ ಕಡೆ ತಿರುಗಿಸಿದ. ಯಜಮಾನರು ಫ್ಯಾನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಚಳಿಗಾಲದಲ್ಲಿ ಇವರಿಗೆಂಥ ಸೆಕೆ ಎಂದು ನನಗೆ ಅನ್ನಿಸಿತು, ಅಷ್ಟೆ. ಮರುದಿನದ ಹಣ್ಣಿಗೆ ತೋಟದವರಿಗೆ ಮಾತು ಕೊಟ್ಟಿದ್ದರಿಂದ, ಅದೊಂದು ಖೇಪು ಸಾಗಿಸಿ ಬಂದು ಪಂಪು ಬಿಚ್ಚಿಸುತ್ತೇವೆಂದು ಹೇಳಿ ಹೊರಟೆವು.

ಮರುದಿನ ಬೆಳಿಗ್ಗೆ ಕಮಲಾಪುರದಲ್ಲಿ ಹಣ್ಣು ತುಂಬಿಕೊಂಡು ಬರುವಾಗ ಮಹಾಗಾಂವ ಕ್ರಾಸಿನ ಹತ್ತಿರ ಎಂಜಿನ್ ಬಂದ್ ಆಯಿತು. ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ. ಬಿಸಿಲೇರಿದರೆ ಹಣ್ಣು ಬಾಡುತ್ತದೆ, ಹೊತ್ತಾದರೆ ಮಾರುಕಟ್ಟೆಯಲ್ಲಿ ಕೊಳ್ಳುವವರಿರುವುದಿಲ್ಲ. ನಾನು ಬಾನೆಟ್ ಎತ್ತಿ ಸುಮ್ಮನೆ ನೋಡುತ್ತ ನಿಂತೆ.

ತೊಗರಿ ಹೊಲದ ಕಡೆಯಿಂದ ಬಂದ ಒಂದು ಟ್ರಾಕ್ಟರ್ ನಮ್ಮ ಹಿಂದೆ ನಿಂತಿತು. ಇಳಿದವನು ಮಹಾಗಾಂವದ ರೈತ, ನನಗಿಂತ ಸ್ವಲ್ಪ ಚಿಕ್ಕವನಿರಬೇಕು. ಏನಾಗಿದೆಯೆಂದು ಕೇಳಿದ. ನಾನು ಗೇಜಿನ ವಿಷಯ, ಪಂಪಿನ ವಿಷಯ ಹೇಳುತ್ತಿದ್ದೆ. ಸೀಟಿನಲ್ಲಿದ್ದ ಯಜಮಾನರು ಬಾಗಿಲು ಬಡಿದು ಮತ್ತೆ ಅದೇ ಮಾತು ಹೇಳಿದರು.

ಆತ ನನ್ನನ್ನು ಕೇಳಲಿಲ್ಲ. ಬಾಗಿಲ ಹತ್ತಿರ ಹೋಗಿ ಅವರ ಮುಖ ನೋಡುತ್ತ, "ಗಾಳಿ ಎಲ್ಲಿಂದ ಬರಾಕತ್ತದ ಅಂತೀರಿ, ಕಾಕಾ?" ಎಂದ. ಕೇಳಿ ಕಾದ. ಹೆದ್ದಾರಿಯಲ್ಲಿ ಬಸ್ಸುಗಳು, ಟೆಂಪೋಗಳು ಹೋಗುತ್ತಿದ್ದವು. ಆತನಿಗೆ ಎಲ್ಲಿಗೂ ಹೋಗುವ ಅವಸರವೇ ಇಲ್ಲವೇನೋ ಎಂಬ ಹಾಗೆ ನಿಂತಿದ್ದ.

"ಟಾಕಿ... ಪೈಪು," ಎಂದರು ಯಜಮಾನರು. "ಪಂಪು... ಚಲೋ ಅದ. ಡೀಸೆಲ್... ಸಿಗವಲ್ದು. ಗಾಳಿ... ಎಳೀತದ."

ಲಕ್ವಾ ಹೊಡೆದ ಮೇಲೆ ಅವರು ಅಷ್ಟು ಮಾತನ್ನು ಒಮ್ಮೆಗೇ ಆಡಿದ್ದನ್ನು ನಾನು ಕೇಳಿರಲಿಲ್ಲ. ಆತ, "ಹಂಗಾರ ನೋಡೇ ಬಿಡೂಣ," ಎಂದು ತೋಳು ಮಡಿಸಿದ.

ಯಜಮಾನರನ್ನು ಇಳಿಸಿ ಬಂಪರಿನ ಪಕ್ಕ ನಿಲ್ಲಿಸಿದೆವು. ಟ್ರಾಕ್ಟರಿನಲ್ಲಿ ಔಷಧಿ ಹೊಡೆಯುವ ಪಂಪಿಗೆಂದು ತಂದಿದ್ದ ಹೊಸ ಪೈಪಿತ್ತು, ಒಳಗಿರುವುದು ಹೊರಗೆ ಕಾಣುವಂಥದ್ದು. ಅದರ ತುಂಡೊಂದನ್ನು ಡೀಸೆಲ್ ಟಾಕಿಯ ಪೈಪಿಗೂ ಫಿಲ್ಟರಿಗೂ ನಡುವೆ ಸಿಕ್ಕಿಸಲು ಯಜಮಾನರು ಸನ್ನೆ ಮಾಡಿದರು. ಫಿಲ್ಟರಿನ ಮೇಲಿನ ಕೈಪಂಪು ನಾನು ಒತ್ತಿದೆ. ಡೀಸೆಲ್ ಜೊತೆ ಗುಳ್ಳೆಗಳು ಸಾಲಾಗಿ ಬಂದವು. ಆಮೇಲೆ ಅವರು ಟ್ರಾಕ್ಟರಿನ ಡೀಸೆಲ್ ಕ್ಯಾನ್ ತೋರಿಸಿದರು. ಅದನ್ನು ಎತ್ತರದಲ್ಲಿ ಹಿಡಿದು, ಹೊಸ ಪೈಪಿನ ತುದಿಯನ್ನು ಟಾಕಿಯ ಪೈಪಿನಿಂದ ಬಿಡಿಸಿ ಕ್ಯಾನಿಗೆ ಇಳಿಬಿಟ್ಟೆವು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಒಳಗಿದ್ದ ಗಾಳಿ ತೆಗೆದೆವು. ಈಗ ಒಂದು ಗುಳ್ಳೆಯೂ ಇಲ್ಲ. ಕೀ ತಿರುಗಿಸಿದೆ. ಎಂಜಿನ್ ಹತ್ತಿತು. ಪೂರ್ತಿ ಒತ್ತಿದೆ, ಎಲ್ಲಿಯೂ ಮುಗ್ಗರಿಸಲಿಲ್ಲ. ಪಂಪು ನೆಟ್ಟಗಿತ್ತು. ತೊಂದರೆ ಇದ್ದದ್ದು ಟಾಕಿಯಿಂದ ಬರುವ ದಾರಿಯಲ್ಲಿ.

ಆತ ಗಾಡಿಯ ಕೆಳಗೆ ಅಂಗಾತ ಮಲಗಿ ಪೈಪಿನ ಉದ್ದಕ್ಕೂ ಬೆರಳಾಡಿಸುತ್ತ ಹೋದ. ಟಾಕಿಯ ಹತ್ತಿರ, ಕ್ಲಿಪ್ಪಿನ ಅಡಿಯಲ್ಲಿ, ಹಳೆಯ ರಬ್ಬರು ಕೂದಲೆಳೆಯಷ್ಟು ಸೀಳಿತ್ತು. ಡೀಸೆಲ್ ಹೊರಗೆ ಒಸರಿರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಜಿನ್ ಡೀಸೆಲ್ ಎಳೆದಾಗಲೆಲ್ಲ ಆ ಸೀಳಿನಿಂದ ಗಾಳಿಯನ್ನೂ ಎಳೆದುಕೊಳ್ಳುತ್ತಿತ್ತು. ಸೀಳಿದ ತುದಿ ಕತ್ತರಿಸಿ, ಉಳಿದ ಪೈಪು ಎಳೆದು ಕ್ಲಿಪ್ ಬಿಗಿದ.

ಹೊರಡುವಾಗ ಒಂದು ಗೊನೆ ಇಳಿಸಲು ಹೋದೆ. ಆತ ನಾಲ್ಕು ಹಣ್ಣು ಕಿತ್ತುಕೊಂಡು ಉಳಿದದ್ದನ್ನು ತಾನೇ ಗಾಡಿಯೊಳಗಿಟ್ಟ. "ಹೊತ್ತಾಗ್ತದ, ನಡೀರಿ ಅಕ್ಕಾರ," ಎಂದ. ಯಜಮಾನರು ಎಡಗೈಯಲ್ಲಿ ಅವನ ಎಣ್ಣೆಗೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

ಮಾರುಕಟ್ಟೆ ಮುಗಿಯುವ ಮೊದಲೇ ತಲುಪಿದೆವು. ಗ್ಯಾರೇಜಿಗೆ ಹೋಗಿ ಹೊಸ ಪೈಪು ಹಾಕಿಸಿ, ಮತ್ತೆ ಗೇಜು ಹಚ್ಚಿಸಿದೆ. ಮುಳ್ಳು ಎದ್ದು ಸ್ಥಿರವಾಗಿ ನಿಂತಿತು. ಮಿಸ್ತ್ರಿ ನಕ್ಕು ಕುರ್ಚಿ ಎಳೆದು ಯಜಮಾನರ ಎದುರಿಗೆ ಕುಳಿತ. ಅವರು ನಡೆದದ್ದನ್ನು ತಮ್ಮದೇ ವೇಗದಲ್ಲಿ ಹೇಳಿದರು. ಆತ ಚಹಾ ತರಿಸಿ ಪೂರ್ತಿ ಕೇಳಿದ.

ಈಗ ಕೆಲವು ದಿನ ಬೆಳಿಗ್ಗೆ ನಮ್ಮ ಮನೆಗೆ ಮಹಾಗಾಂವದ ಆ ರೈತನ ಫೋನ್ ಬರುತ್ತದೆ. ಏನು ಕೆಟ್ಟಿದೆ ಹೇಳಿರೆಂದು ಆತ ಫೋನನ್ನು ತನ್ನ ಟ್ರಾಕ್ಟರಿನ ಎಂಜಿನ್ ಹತ್ತಿರ ಹಿಡಿಯುತ್ತಾನೆ. ಇಲ್ಲಿ ಯಜಮಾನರು ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಾರೆ, ಒಲೆಯ ಮೇಲಿನ ಕುಕ್ಕರ್ ಕೂಗದಂತೆ ನಾನು ಉರಿ ಸಣ್ಣ ಮಾಡುತ್ತೇನೆ.