ಖಾದರಣ್ಣ ಕೂತ್ಕಂಡ

"ಖಾದರಣ್ಣ ಕೂತ್ಕಂಡ" ಎಂದು ಯಾರಾದರೂ ಕೂಗಿದರೆ ನಮ್ಮೂರಿನ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೂ ತೆಪ್ಪಗಾಗುತ್ತಿದ್ದರು. ಅವರು ದಣಿದು ಕೂತರು ಅಂತಲ್ಲ ಅದರ ಅರ್ಥ. ಅವರಿಗೆ ಸಿಟ್ಟು ಬಂದಿದೆ, ಹತ್ತಿರ ಸುಳಿಯಬೇಡಿ ಅಂತ. ಎತ್ತರದ ಆಳು, ಮದರಂಗಿ ಹಚ್ಚಿದ ಗಡ್ಡ, ಎತ್ತಿ ಕಟ್ಟಿದ ಗೆರೆ ಲುಂಗಿ. ಸಿಟ್ಟು ಬಂತೋ, ನಿಂತ ಜಾಗದಲ್ಲೇ ಧೊಪ್ಪನೆ ಕೂತುಬಿಡುತ್ತಿದ್ದರು. ಕೆಸರಿದೆಯೋ ಸಗಣಿಯಿದೆಯೋ ನೋಡುತ್ತಿರಲಿಲ್ಲ.

ಒಮ್ಮೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಬ್ಬ ಅವರ ಗುಲಾಬಿ ಬುಟ್ಟಿಯನ್ನು ಕೆಳಕ್ಕೆ ಎಸೆದನಂತೆ. ಖಾದರಣ್ಣ ಬಸ್ಸಿನ ಮುಂದೆಯೇ ಕೂತರು. ಪೊಲೀಸಿನವನು ಅದನ್ನು ಧರಣಿ ಅಂದುಕೊಂಡು, "ಎನ್ನಯ್ಯಾ ಉನ್ ಕೋರಿಕ್ಕೈ?" ಎಂದು ತಮಿಳಿನಲ್ಲಿ ಬೇಡಿಕೆ ಕೇಳಿದ. ಇವರೂ ತಮಿಳಿನಲ್ಲೇ, "ಕೋಬಂ ಎರಂಗಣುಂ, ಅವ್ವಳವುದಾನ್ ಸಾರ್" ಅಂದರು. ಸಿಟ್ಟು ಇಳೀಬೇಕು, ಅಷ್ಟೇ ಬೇಡಿಕೆ. ಈ ಕಥೆಯನ್ನು ಅವರೇ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಾಗಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಒಂದೇ ಬದು. ಅವರದು ಗುಲಾಬಿ ತೋಟ, ನಮ್ಮದು ತರಕಾರಿ. ಊರಿಗೆಲ್ಲ ಅವರು ಖಾದರಣ್ಣ. ನಮ್ಮಮ್ಮ ಅವರನ್ನು ಒಡಹುಟ್ಟಿದವರ ಹಾಗೆ ಅಣ್ಣಾ ಎಂದು ಕರೆಯುತ್ತಿದ್ದಳಾದ್ದರಿಂದ ನನಗೂ ನನ್ನ ತಮ್ಮ ಮಂಜನಿಗೂ ಅವರು ಮಾಮ. ಮನೆಯೊಳಗೆ ಅವರ ಉರ್ದು, ಬದುವಿನ ಮೇಲೆ ನಮ್ಮ ಕನ್ನಡ. ಬದುವಿನಲ್ಲಿ ಕೂತು ನಾನು ಯಾರ ಮೇಲಾದರೂ ಚಾಡಿ ಶುರುಮಾಡಿದರೆ, "ತಡಿ ತಾಯಿ, ಅವ್ರೂ ಬರ್ಲಿ. ಇಲ್ದೇ ಇರೋರ ಮಾತು ನಂಗ್ ಅರಗಲ್ಲ" ಅನ್ನುತ್ತಿದ್ದರು. ಅವರ ದೆಸೆಯಿಂದ ನನ್ನ ಎಷ್ಟೋ ಒಳ್ಳೊಳ್ಳೆ ಸುದ್ದಿಗಳು ಹಾಳಾಗಿ ಹೋದವು.

ಈ ಕೂರುವ ಅಭ್ಯಾಸ ಯಾಕೆ ಮಾಮ ಎಂದು ನಾನೊಮ್ಮೆ ಕೇಳಿದೆ. ಅವರು ಕತ್ತರಿ ಕೆಳಗಿಟ್ಟು ಹೇಳಿದರು.

"ವಯಸ್ನಲ್ಲಿ ನಾನು ಬಲೇ ಮುಂಗೋಪಿ ಕಣಮ್ಮ. ಒಂದಿನ ಉಳೋವಾಗ ಎತ್ತು ಮೊಂಡಾಟ ಮಾಡ್ತು. ಕೈಲಿದ್ದ ಕೋಲ್ನಾಗೆ ಬೀಸ್ಬುಟ್ಟೆ. ಕಣ್ಣಿಗೇ ಬಿತ್ತು. ಕಣ್ಣು ಹೋಗ್ಬುಡ್ತು. ಆಮ್ಯಾಕೆ ನಾನು ಆ ಮಗ್ಗುಲಿಂದ ಹೋದ್ರೆ, ನನ್ನ ನೋಡಾಕೆ ಅದು ಪೂರಾ ಕತ್ತು ತಿರುಗಿಸ್ಬೇಕು. ಹಂಗೂ ತಿರುಗಿಸಿ ನೋಡೋದು, ಮೇವು ತಂದವ್ನೆ ಅಂತ. ನಂಗೆ ಅನ್ನ ಇಳೀಲಿಲ್ಲ."

ಆಗ ಮಸೀದಿಯ ಹಜರತರ ಹತ್ತಿರ ಹೋಗಿ ಅತ್ತರಂತೆ. ಪೈಗಂಬರರು ಹೇಳಿಕೊಟ್ಟ ದಾರಿಯನ್ನು ಹಜರತರು ತಿಳಿಸಿದರು. ಸಿಟ್ಟು ಬಂದಾಗ ನಿಂತಿದ್ದರೆ ಕೂತುಕೋ. ಕೂತರೂ ಇಳಿಯದಿದ್ದರೆ ಮಲಗು. ಸಿಟ್ಟು ಬೆಂಕಿಯ ಜಾತಿಯದು, ಅದಕ್ಕೆ ನೀರು ಬೇಕು, ವಜೂ ಮಾಡಿಕೋ. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುತ್ತಾರಲ್ಲ, ಅದು ವಜೂ.

"ಕುಸ್ತಿಲಿ ಗೆಲ್ಲೋನಲ್ಲ ಗಟ್ಟಿಗ, ಸಿಟ್ಟಲ್ಲಿ ತನ್ನ ತಾನು ಹಿಡ್ಕಳ್ಳೋನು ಅಂತಾರೆ ನಮ್ಮೋರು. ನಾನು ಗಟ್ಟಿಗ ಅಲ್ಲ ಕಣಮ್ಮ. ಅದ್ಕೇ ನೆಲ ಹಿಡ್ಕಂತೀನಿ" ಎಂದು ಕತ್ತರಿ ಎತ್ತಿಕೊಂಡರು.

ಅವರು ಮಲಗಿದ್ದನ್ನು ಮಾತ್ರ ಊರಿನಲ್ಲಿ ಯಾರೂ ನೋಡಿರಲಿಲ್ಲ. ನೋಡುವ ಕರ್ಮ ನನಗೆ ಬಂತು.

ನಮ್ಮಪ್ಪನೂ ಅವರೂ ಸೇರಿ ಬದುವಿನ ಮೇಲೆ ಒಂದು ಬೋರು ಕೊರೆಸಿದ್ದರು. ನೀರು ಒಂದು ದಿನ ನಮಗೆ, ಮಾರನೆಯ ದಿನ ಅವರಿಗೆ. ಅಪ್ಪ ತೀರಿಕೊಂಡ ಮೇಲೂ ಅದು ಹಾಗೆಯೇ ನಡೆದಿತ್ತು. ಆ ಬೇಸಿಗೆಯಲ್ಲಿ ನಮ್ಮ ಸರದಿಯ ದಿನ ಕರೆಂಟೇ ಬರಲಿಲ್ಲ. ಮಾರನೆಯ ದಿನ ಮಂಜ ಹೋಗಿ, ನಿನ್ನೆ ತಪ್ಪಿದ್ದು ಇವತ್ತು ಎಂದು ಗೇಟ್ ವಾಲನ್ನು ನಮ್ಮ ಕಡೆಗೆ ತಿರುಗಿಸಿದ. ಖಾದರಣ್ಣನ ಮಗ ಸಲೀಮ್ ಬಂದು ಮತ್ತೆ ಅವರ ಕಡೆಗೆ ತಿರುಗಿಸಲು ಹೋದ. ಒಟ್ಟಿಗೆ ಆಡಿ ಬೆಳೆದವರು, ಮಾತಿಗೆ ಮಾತು ಬೆಳೆಸಿದರು. ಎಳೆದಾಟದಲ್ಲಿ ಪೈಪಿನ ಜಾಯಿಂಟು ಸಡಿಲವಾಯಿತು. ಮಂಜ ಕೈಯಲ್ಲಿದ್ದ, ನಟ್ಟು ತಿರುಗಿಸುವ ಕಬ್ಬಿಣದ ಪಾನಾದಿಂದ ಸಲೀಮನ ತಲೆಗೆ ಹೊಡೆದುಬಿಟ್ಟ.

ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಮುಗಿಸಿ ನಾನು ಕಂಪನಿ ಬಸ್ಸಿಂದ ಇಳಿಯುವ ಹೊತ್ತಿಗೆ ಸಲೀಮನನ್ನು ಆಟೋಗೆ ಹತ್ತಿಸುತ್ತಿದ್ದರು. ಅವರಮ್ಮನ ಸೆರಗೆಲ್ಲ ರಕ್ತ. ಹುಡುಗ ಕಣ್ಣು ಬಿಟ್ಟಿದ್ದ, ಮಾತಿರಲಿಲ್ಲ. ಅಷ್ಟರಲ್ಲಿ ಬೇರಿಕೆ ಊರಿಗೆ ಹೋಗಿದ್ದ ಖಾದರಣ್ಣ ಬಂದಿಳಿದರು. ಮಗನ ಮುಖ ನೋಡಿದರು. ಆಟೋ ಹತ್ತಲಿಲ್ಲ. ತಿರುಗಿ ನಮ್ಮ ಬೋರಿನ ಕಡೆಗೆ ನಡೆದರು. ಮಗನ ಜೊತೆ ಹೋಗದ ತಂದೆ ಯಾವ ಕಡೆ ಹೋಗುತ್ತಾನೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಓಡಿದೆ. ಮಂಜ ಅಲ್ಲೇ ನಿಂತಿದ್ದ, ಪಾನಾ ಕೈಯಲ್ಲೇ ಇತ್ತು. ಬಾಗಲೂರಿನಿಂದ ಖಾದರಣ್ಣನ ತಮ್ಮನ ಮಕ್ಕಳು ಬೈಕುಗಳಲ್ಲಿ ಬಂದು ಒಂದು ಕಡೆ ನಿಂತರು. ನಮ್ಮ ಚಿಕ್ಕಪ್ಪನವರು ದೊಣ್ಣೆ ಹಿಡಿದು ಇನ್ನೊಂದು ಕಡೆ ಬಂದರು. ನೀರಿನ ಜಗಳ ಅಲ್ಲಿಗೆ ಮುಗಿದು, ಅವರು ನಾವು ಎನ್ನುವ ಜಗಳ ಶುರುವಾಗುವುದರಲ್ಲಿತ್ತು. ಅಂಥದ್ದನ್ನು ನಮ್ಮೂರು ಕಂಡಿರಲಿಲ್ಲ. ಖಾದರಣ್ಣ ನಡುವೆ ನಡೆದು ಮಂಜನ ಎದುರಿಗೆ ಬಂದರು. ಮಂಜ ಹೆದರಿ ಪಾನಾ ಎತ್ತಿದ. ಅವರು ಕೈ ಚಾಚಿದ್ದರೆ ಅವನ ಕುತ್ತಿಗೆ ಸಿಕ್ಕುತ್ತಿತ್ತು.

ಅವರು ಕೂತರು.

ಕೂತರೂ ಸಿಟ್ಟು ಇಳಿಯಲಿಲ್ಲ. ಕೈಗೆ ಸಿಕ್ಕ ಹುಲ್ಲನ್ನು ಬೇರು ಸಮೇತ ಕೀಳುತ್ತಿದ್ದರು. ಆಮೇಲೆ, ಅಷ್ಟು ಜನರ ಕಣ್ಣೆದುರಿಗೆ, ನೆಲಕ್ಕೆ ಬೆನ್ನು ಹಚ್ಚಿ ಮಲಗಿಬಿಟ್ಟರು.

"ಏಳಿ ಬಡೇ ಅಬ್ಬಾ, ನೀವು ಸುಮ್ನೆ ಪಕ್ಕಕ್ಕೆ ಬನ್ನಿ, ನಾವು ನೋಡ್ಕಂತೀವಿ" ಎಂದು ತಮ್ಮನ ಮಗನೊಬ್ಬ ಮುಂದೆ ಬಂದ.

"ನಾನ್ ಏಳೋಗಂಟ ಯಾರೂ ಕೈ ಎತ್ತಂಗಿಲ್ಲ" ಅಂದರು ಮಲಗಿದ್ದಲ್ಲೇ, ಕಣ್ಣು ಮುಚ್ಚಿಕೊಂಡು.

ಎಲ್ಲರೂ ನಿಂತರು. ಆ ಬಿಸಿಲು ನನಗೆ ಇವತ್ತಿಗೂ ನೆನಪಿದೆ. ಏಳುವಾಗ ಅವರು ಯಾವ ಖಾದರಣ್ಣನಾಗಿ ಏಳುತ್ತಾರೋ ನನಗೆ ಗೊತ್ತಿರಲಿಲ್ಲ. ಸಿಟ್ಟಿನಿಂದಲೇ ಎದ್ದರೆ ನನ್ನ ತಮ್ಮ ಉಳಿಯುವುದಿಲ್ಲ, ಅದಷ್ಟೇ ಗೊತ್ತಿತ್ತು. ನಾನು ನಮ್ಮ ದೇವರನ್ನೂ ಅವರ ದೇವರನ್ನೂ ಒಟ್ಟಿಗೆ ಬೇಡಿಕೊಂಡೆ. ಯಾರಿಗೆ ಮೊದಲು ಕೇಳಿಸುತ್ತದೋ ಕೇಳಿಸಲಿ ಅಂತ.

ಆಗ ತ್ರೀ ಫೇಸ್ ಕರೆಂಟು ಬಂತು. ಆಟೋ ಸ್ವಿಚ್ಚು ಬಿದ್ದು ಮೋಟರು ತಾನೇ ಓಡತೊಡಗಿತು. ಸಡಿಲವಾದ ಜಾಯಿಂಟಿನಿಂದ ನೀರು ಚಿಮ್ಮಿ, ಹರಿದು ಬಂದು, ಅವರ ಬೆನ್ನನ್ನು ಮುಟ್ಟಿತು. ಅವರು ಕಣ್ಣು ಬಿಟ್ಟರು.

"ಜಯಾ, ಒಂದ್ ಬಿಂದಿಗೆ ನೀರ್ ಹಿಡ್ಕಂಡ್ ಬಾ ತಾಯಿ."

ಯಾವ ನೀರಿಗಾಗಿ ಇಷ್ಟೆಲ್ಲ ಆಯಿತೋ ಅದೇ ನೀರನ್ನು ನಾನು ಹಿಡಿದು ತಂದೆ. ಅವರು ಎದ್ದು ಕೂತು ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮುಖ, ಮೊಣಕೈವರೆಗೆ ತೋಳು, ಆಮೇಲೆ ತಲೆಗೆ ಒದ್ದೆ ಕೈ ಸವರಿ ಕಾಲು ತೊಳೆದರು. ಯಾವುದನ್ನೂ ಅವಸರ ಮಾಡಲಿಲ್ಲ. ಎದ್ದು ನಿಂತು ಮಂಜನ ಮುಂದೆ ಕೈ ಒಡ್ಡಿದರು.

"ಪಾನಾ ಕೊಡ್ಲಾ."

ಮಂಜ ಕೊಟ್ಟ. ಖಾದರಣ್ಣ ಪೈಪಿನ ಹತ್ತಿರ ಹೋಗಿ, ಬಗ್ಗಿ, ಜಾಯಿಂಟನ್ನು ಬಿಗಿ ಮಾಡಿದರು. ಆಮೇಲೆ ವಾಲನ್ನು ತಮ್ಮ ತೋಟದ ಕಡೆಗೇ ತಿರುಗಿಸಿದರು.

"ಇವತ್ತು ನಮ್ದು, ನಾಳೆ ನಿಮ್ದು. ಕರೆಂಟ್ ಬರ್ನಿಲ್ಲ ಅಂದ್ರೆ ಅದು ದೇವ್ರ ಲೆಕ್ಕ, ನನ್ದೂ ಅಲ್ಲ ನಿನ್ದೂ ಅಲ್ಲ. ಬೈಕ್ ತಗಿ. ಆಸ್ಪತ್ರೆಗೆ ನೀನೇ ಕರ್ಕಂಡ್ ಹೋಗು ನನ್ನ. ಮಗನ ಜೊತೆ ಹೋಗೋದ್ ಬುಟ್ಟು ನಿನ್ನತ್ರ ಬಂದೆ ನೋಡು, ಶೈತಾನನ ಕೆಲ್ಸ ಅದು."

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ, ಬಿದ್ದ ಎಂದು ಹೇಳಲು ಎಲ್ಲರೂ ಕಣ್ಣು ಮಿಟುಕಿಸಿದರಂತೆ. ಖಾದರಣ್ಣ ಸುಳ್ಳು ಹೇಳಲಿಲ್ಲ. "ಹೊಡ್ದೋನು ಇವ್ನೇ, ನನ್ನ ಕರ್ಕಂಡ್ ಬಂದೋನೂ ಇವ್ನೇ. ಕೇಸು ನಂಗ್ ಬೇಡ, ಬರ್ದು ಕೊಡ್ತೀನಿ" ಅಂದರಂತೆ. ಸಲೀಮನ ತಲೆಗೆ ಹೊಲಿಗೆ ಬಿತ್ತು. ಸಂಜೆಗೆ ಅವನು ಮಾತಾಡಿದ. ಮೊದಲು ಕೇಳಿದ್ದು ವಾಲು ಯಾವ ಕಡೆಗಿದೆ ಅಂತ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆ ದಿನದಿಂದ ಮಂಜ ಬದುವಿನ ಮೇಲೆ ಕಾಣಿಸಿದರೆ ಸಾಕು, ಖಾದರಣ್ಣ ಕೂತುಬಿಡುತ್ತಿದ್ದರು. ಬಯ್ಯಲಿಲ್ಲ, ಮಾತಾಡಲೂ ಇಲ್ಲ. ಮಂಜ ದೂರದಲ್ಲೇ ನಿಂತು, ಅವರು ಎದ್ದು ಹೋಗುವವರೆಗೂ ಕಾಯುತ್ತಿದ್ದ. ಬಯ್ದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಮಳೆಗಾಲ ಹಾಗೇ ಕಳೆಯಿತು, ಚಳಿಯೂ ಕಳೆಯಿತು. ಸಲೀಮ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡತೊಡಗಿದ ಮೇಲೂ ತಂದೆ ಮಾತ್ರ ಕೂರುತ್ತಲೇ ಇದ್ದರು. ರಂಜಾನ್ ತಿಂಗಳಲ್ಲಿ ಒಂದು ದಿನ ಮಂಜ ಹೊಲದಿಂದ ಓಡಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡ.

"ಅಕ್ಕಾ, ಮಾಮ ಇವತ್ತು ಕೂರ್ಲಿಲ್ಲ. ನಿಂತೇ ಇದ್ರು" ಎಂದು ಗಳಗಳನೆ ಅತ್ತ.

ಹೋದ ವರ್ಷ ಖಾದರಣ್ಣ ಹಾಸಿಗೆ ಹಿಡಿದರು. ನಾನೂ ಮಂಜನೂ ನೋಡಲು ಹೋದೆವು. ನಾನು ಒಳಗೆ ಹೋಗಿ ತಿರುಗಿ ನೋಡಿದರೆ ಮಂಜ ಬಾಗಿಲಲ್ಲೇ ನಿಂತಿದ್ದ. ಅವರು ಮಲಗಿರುವುದನ್ನು ಕಂಡು ಅವನಿಗೆ ಕಾಲು ಬಂದಿರಲಿಲ್ಲ. ಖಾದರಣ್ಣನಿಗೆ ತಕ್ಷಣ ಅರ್ಥವಾಯಿತು.

"ಬಾರ್ಲಾ ಒಳೀಕೆ. ಸಿಟ್ಟಿಗೆ ಮಲಗಿಲ್ಲ ಕಣ್ಲಾ, ಕಾಯ್ಲೆಗೆ ಮಲಗಿವ್ನಿ."

ಮಂಜ ಬಂದ. ಪಕ್ಕದಲ್ಲೇ ಕುರ್ಚಿ ಇತ್ತು. ಅವನು ಮಂಚದ ಬುಡದಲ್ಲಿ, ನೆಲದ ಮೇಲೆ ಧೊಪ್ಪನೆ ಕೂತ.

"ಯಾಕ್ಲಾ ಕೂತ್ಕಂಡೆ? ಯಾರ್ ಮ್ಯಾಲೆ ಕೋಪ?"

"ನಿನ್ ಮ್ಯಾಲೇ ಮಾಮ" ಅಂದ ಮಂಜ. "ಹೊಂಟ್ಬುಟ್ಟಿದ್ದೀಯಲ್ಲ."

ಖಾದರಣ್ಣ ನನ್ನ ಕಡೆ ತಿರುಗಿದರು. ದನಿ ಪೂರ್ತಿ ಸೋತಿತ್ತು.

"ಜಯಾ, ಅವ್ನಿಗೆ ಒಂದ್ ಚೆಂಬು ನೀರ್ ಕೊಡಮ್ಮ. ಮುಖ ತೊಳ್ಕಳ್ಲಿ."